ಬಳೆಯ ಮೀನು, ಪಟ್ಟೆಯ ಮೀನು

"ಗುರುಗಳೇ, ಒಬ್ಬ ಮನುಷ್ಯ ಪೂರ್ತಿ ಬದಲಾಗಿಬಿಟ್ಟರೆ, ಅವನನ್ನು ಅವನೇ ಎಂದು ಗುರುತಿಸುವುದು ಹೇಗೆ?"

ಇದನ್ನು ಕೇಳಿದವನು ಗುರುಪಾದ ಎಂಬ ಶಿಷ್ಯ. ಮಠದ ಹಿಂದಿನ ಜಗುಲಿಯಲ್ಲಿ ಗುರುಗಳು ಮೊರ ಹಿಡಿದು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆ, "ಬದಲಾದವನು ಯಾರು?" ಎಂದರು.

"ಚೆನ್ನವೀರ."

ಗುರುಪಾದ ಮತ್ತು ಚೆನ್ನವೀರ ಒಂದೇ ದಿನ ಮಠಕ್ಕೆ ಬಂದವರು. ಗುರುಪಾದ ಈಗ ಮಠದ ಶಾಲೆಗಳ ಮೇಲ್ವಿಚಾರಣೆ ನೋಡುತ್ತಿದ್ದ. ಚೆನ್ನವೀರ ಅಡುಗೆಮನೆಯ ಕೆಲಸದಲ್ಲೇ ಉಳಿದಿದ್ದ.

"ಬಂದಾಗ ಅವನ ಬಾಯಲ್ಲಿ ಸದಾ ಹಾಡಿತ್ತು," ಎಂದ ಗುರುಪಾದ. "ಈಗ ಮಾತೇ ಇಲ್ಲ. ಪ್ರಾರ್ಥನೆಯ ನಡುವೆ ಎದ್ದು ಹೋಗುತ್ತಾನಂತೆ. ಹಿರಿಯರು ಏನು ಹೇಳಿದರೂ 'ಏಕೆ' ಎನ್ನುತ್ತಾನಂತೆ. ನಾವು ಸೇರಿಸಿಕೊಂಡವನು ಇವನಲ್ಲ, ಹೊರಗೆ ಕಳುಹಿಸೋಣ ಎನ್ನುತ್ತಿದ್ದಾರೆ. ಸಂಜೆ ಸಭೆಯಿದೆ. ಜೊತೆಯಲ್ಲಿ ಬಂದವನು ನಾನು, ಆದ್ದರಿಂದ ನಾನು ಹೇಳಿದಂತೆ ಮಾಡುತ್ತಾರಂತೆ. ಅವನು ಅದೇ ಚೆನ್ನವೀರ ಎನ್ನಲೇ, ಅಲ್ಲ ಎನ್ನಲೇ? ಮೂರು ದಿನದಿಂದ ಯೋಚಿಸಿ ತಲೆ ಕೆಟ್ಟುಹೋಗಿದೆ."

"ತಲೆ ಕೆಟ್ಟಿದ್ದರೆ ಒಳ್ಳೆಯದೇ ಆಯಿತು. ಸರಿಯಿದ್ದಿದ್ದರೆ ನನ್ನನ್ನು ಕೇಳದೆಯೇ ಸಭೆಗೆ ಹೋಗುತ್ತಿದ್ದೆ. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಕಡಲ ತೀರದ ಬಂದರಿನ ಊರೊಂದರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಸೀರೆಗಳು ಸುತ್ತಲ ಊರುಗಳಲ್ಲೆಲ್ಲ ಹೆಸರಾಗಿದ್ದವು. ಅವನದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನೇಕಾರರು ಮೊದಲು ಒಂದು ಗೇಣು ಬಟ್ಟೆ ನೇಯ್ದು ಕಳುಹಿಸಬೇಕು. ಅದು ನಮೂನೆ. ಅದನ್ನು ಅವನು ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಿದ್ದ. ಆಮೇಲೆ ಸೀರೆಯ ಮೂಟೆ ಬಂದಾಗ ಒಂದೊಂದನ್ನೂ ಬಿಡಿಸಿ ನಮೂನೆಯ ಪಕ್ಕದಲ್ಲಿ ಹಿಡಿದು ನೋಡುತ್ತಿದ್ದ. ಒಂದು ಎಳೆ ಬೇರೆಯಾಗಿದ್ದರೂ ಮೂಟೆ ವಾಪಸ್ಸು. ಈ ಪದ್ಧತಿಯಿಂದ ಅವನು ಎಂದೂ ಮೋಸ ಹೋಗಿರಲಿಲ್ಲ.

ಅವನಿಗೆ ಒಂದು ಆಸೆ ಹುಟ್ಟಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇಟ್ಟು, ಅದರಲ್ಲಿ ಸಮುದ್ರದ ನೀರು ತುಂಬಿ, ಸಮುದ್ರದ ಬಣ್ಣದ ಮೀನುಗಳನ್ನು ಸಾಕಬೇಕು. ತೊಟ್ಟಿ ಚಿಕ್ಕದು, ಎರಡು ಮೊಳ ಉದ್ದ, ಒಂದು ಮೊಳ ಅಗಲ. ತಳದಲ್ಲಿ ಹವಳ ಬೆಳೆದ ಕಲ್ಲುಗಳನ್ನು ಜೋಡಿಸಿದ. ನೀರಿಗೆ ಗಾಳಿ ಊದುವ ಪಂಪು ಹಾಕಿಸಿದ. ಮೀನು ಆರಿಸಲು ಒಬ್ಬ ಮುಳುಗುಗಾರನ ಮನೆಗೆ ಹೋದ. ಈ ಮುಳುಗುಗಾರ ಬಂದರಿನ ಎದುರಿನ ದ್ವೀಪದ ಬಂಡೆಗಳ ಸಂದಿಗಳಲ್ಲಿ ಮುಳುಗಿ ಮೀನು ಹಿಡಿದು ಮಾರುತ್ತಿದ್ದವನು.

ಅಂಗಳದಲ್ಲಿ ಸಾಲಾಗಿ ಟಬ್ಬುಗಳಿದ್ದವು. ವ್ಯಾಪಾರಿ ಸೀರೆ ಆರಿಸುವಂತೆಯೇ ಮೀನು ಆರಿಸಿದ. ಕಿತ್ತಳೆಯ ಮೈಗೆ ಬಿಳಿಯ ಅಂಚಿನದು ಒಂದು. ಅಚ್ಚ ಹಳದಿಯದು ಒಂದು. ತಿಳಿಹಸಿರಿನದು ಒಂದು. ಒಂದರಂತೆ ಇನ್ನೊಂದು ಇರಕೂಡದು. ನಾಲ್ಕನೆಯದನ್ನು ಆರಿಸಲು ಬಹಳ ಹೊತ್ತು ತಡವರಿಸಿದ. ಒಂದನ್ನು ನೋಡಿದರೆ ಇನ್ನೊಂದು ಚೆನ್ನಾಗಿ ಕಾಣುತ್ತಿತ್ತು, ಅದನ್ನು ನೋಡಲು ಹೋದರೆ ಮೊದಲಿನದೇ ವಾಸಿ ಎನ್ನಿಸುತ್ತಿತ್ತು. ಕೊನೆಗೆ ಮೂಲೆಯ ಟಬ್ಬಿನಲ್ಲಿ ಬೆರಳುದ್ದದ ಒಂದು ಮೀನು ಕಂಡಿತು. ಕಡುನೀಲಿ ಮೈ. ಮೈಮೇಲೆ ಬಿಳಿಯ ಬಳೆಗಳು, ಒಂದರೊಳಗೆ ಒಂದು.

"ಇದು ಬೇಕು," ಎಂದ ವ್ಯಾಪಾರಿ. "ಇಂಥ ಬುಟ್ಟಾ ನಮ್ಮ ಯಾವ ನೇಕಾರನ ಕೈಯಲ್ಲೂ ಆಗದು."

"ಇದು ಬೇಡ ಸಾಹುಕಾರರೇ. ನಿಮ್ಮ ತೊಟ್ಟಿಗೆ ಹೊಂದುವುದಿಲ್ಲ."

"ಬೆರಳುದ್ದ ಇದೆ."

"ಈಗ ಬೆರಳುದ್ದ ಇದೆ. ಸೀರೆಯಾದರೆ ಮಡಚಿಟ್ಟಷ್ಟೇ ಇರುತ್ತದೆ. ಇದು ಉಣ್ಣುತ್ತದೆ, ಬೆಳೆಯುತ್ತದೆ."

"ನೀನು ಮಾರುವುದಕ್ಕೆ ಕೂತವನೋ, ಬೇಡ ಎನ್ನುವುದಕ್ಕೆ ಕೂತವನೋ?"

ಮುಳುಗುಗಾರ ನಕ್ಕ. "ಒಯ್ಯಿರಿ. ಆದರೆ ಇದೇ ಜಾತಿಯ ಇನ್ನೊಂದನ್ನು ಮಾತ್ರ ಜೊತೆಗೆ ಬಿಡಬೇಡಿ. ತಮ್ಮ ಜಾತಿಯದನ್ನು ಕಂಡರೆ ಇವಕ್ಕೆ ಆಗುವುದಿಲ್ಲ. ಒಂದು ಇನ್ನೊಂದನ್ನು ಕಚ್ಚಿ ಕೊಲ್ಲುತ್ತದೆ."

"ನಮ್ಮ ಬೀದಿಯ ಬಟ್ಟೆ ಅಂಗಡಿಯವರೂ ಹಾಗೆಯೇ," ಎಂದ ವ್ಯಾಪಾರಿ.

ಮನೆಗೆ ಬಂದು ಅವನು ಒಬ್ಬ ಚಿತ್ರಗಾರನನ್ನು ಕರೆಸಿದ. ನಾಲ್ಕೂ ಮೀನುಗಳ ಚಿತ್ರವನ್ನು ಬಣ್ಣದಲ್ಲಿ ಬರೆಸಿ ನಮೂನೆಯ ಪೆಟ್ಟಿಗೆಯಲ್ಲಿ ಇಟ್ಟ.

ತೊಟ್ಟಿಯ ನೀರನ್ನು ಆಗಾಗ ಬದಲಿಸಬೇಕಾಗಿತ್ತು. ಬಂದರಿನ ನೀರಿನಲ್ಲಿ ಎಣ್ಣೆ ತೇಲುತ್ತಿತ್ತು. ಅದಕ್ಕಾಗಿ ಒಬ್ಬ ದೋಣಿಯವನನ್ನು ಗೊತ್ತುಮಾಡಿದ. ದೋಣಿಯವನು ನದಿ ಸಮುದ್ರವನ್ನು ಸೇರುವ ಅಳಿವೆಯನ್ನು ದಾಟಿ, ತಿಳಿನೀರು ಸಿಗುವವರೆಗೆ ಹುಟ್ಟು ಹಾಕಿ, ಕ್ಯಾನುಗಳಲ್ಲಿ ನೀರು ತುಂಬಿ ತರುತ್ತಿದ್ದ. ದಿನವೂ ಬೆಳಿಗ್ಗೆ ಬಂದು ಮೀನುಗಳಿಗೆ ಸೀಗಡಿಯ ಚೂರು ಹಾಕುತ್ತಿದ್ದ. ಅಂಗಡಿಯ ಹಿಂಬಾಗಿಲ ಕೀಲಿ ಅವನ ಬಳಿಯೇ ಇರುತ್ತಿತ್ತು. ಅದೊಂದೇ ಅಲ್ಲ; ಊರಿನಲ್ಲಿ ಯಾರು ಮನೆ ಬಿಟ್ಟು ಪ್ರಯಾಣ ಹೋದರೂ ಕೀಲಿಯನ್ನು ಅವನ ಕೈಗೆ ಕೊಟ್ಟು ಹೋಗುತ್ತಿದ್ದರು. ಅವನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ. ಜನ ಅವನ ಮೇಲಿಟ್ಟ ಆ ನಂಬಿಕೆಯೊಂದೇ ಅವನ ಆಸ್ತಿ.

ಹೀಗಿರುವಾಗ ವ್ಯಾಪಾರಿ ದೂರದ ಪಟ್ಟಣದಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೋದ. ಏಳು ತಿಂಗಳು ಅಲ್ಲಿಯೇ ನಿಂತ. ಮರಳಿ ಬಂದವನು ನೇರವಾಗಿ ತೊಟ್ಟಿಯ ಬಳಿಗೆ ನಡೆದ. ಮೂರು ಮೀನುಗಳು ಮೊದಲಿದ್ದಂತೆಯೇ ಇದ್ದವು. ನಾಲ್ಕನೆಯದು ಇರಲಿಲ್ಲ. ಅದರ ಜಾಗದಲ್ಲಿ ಅಂಗೈ ಅಗಲದ ಬೇರೊಂದು ಮೀನಿತ್ತು. ಅದರ ಮೈತುಂಬ ತಲೆಯಿಂದ ಬಾಲದವರೆಗೆ ಎಳೆದ ಹಳದಿ ಪಟ್ಟೆಗಳು. ಒಂದೇ ಒಂದು ಬಳೆ ಇರಲಿಲ್ಲ.

ದೋಣಿಯವನನ್ನು ಕರೆಸಿದ. "ನನ್ನ ಮೀನೆಲ್ಲಿ?"

"ಅಲ್ಲೇ ಇದೆಯಲ್ಲ ಸಾಹುಕಾರರೇ."

"ಇದಲ್ಲ. ಬಳೆಯದು."

"ಇದೇ ಅದು."

ವ್ಯಾಪಾರಿ ಪೆಟ್ಟಿಗೆಯಿಂದ ಚಿತ್ರವನ್ನು ತೆಗೆದು ಗಾಜಿಗೆ ಒತ್ತಿ ಹಿಡಿದ. ದೋಣಿಯವನು ಚಿತ್ರವನ್ನು ನೋಡಿದ, ಮೀನನ್ನು ನೋಡಿದ, ಮತ್ತೆ ಚಿತ್ರವನ್ನು ನೋಡಿದ. ಅವನ ಮುಖ ಕಂದಿತು.

"ಚಿತ್ರ ಬೇರೆ ಇದೆ," ಎಂದ. "ಮೀನು ಅದೇ."

"ಹಾಗಾದರೆ ಬಳೆ ಯಾವಾಗ ಹೋಯಿತು? ಪಟ್ಟೆ ಯಾವಾಗ ಬಂತು? ಹೇಳು."

ದೋಣಿಯವನು ನೆನಪನ್ನೆಲ್ಲ ತಡಕಿದ. ಅವನು ಮೀನನ್ನು ದಿನವೂ ನೋಡಿದ್ದ. ನಿನ್ನೆ ಇದ್ದಂತೆ ಇಂದು ಇತ್ತು. ಮೊನ್ನೆ ಇದ್ದಂತೆ ನಿನ್ನೆ ಇತ್ತು. ಬದಲಾದ ದಿನ ಎಂಬುದೊಂದು ಅವನಿಗೆ ಎಲ್ಲಿಯೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದ.

"ಬಟ್ಟೆ ಬಣ್ಣ ಬಿಡುವುದನ್ನು ಕಂಡಿದ್ದೇನೆ," ಎಂದ ವ್ಯಾಪಾರಿ. "ಒಗೆದು ಒಗೆದು ಬುಟ್ಟಾ ಅಳಿಸಿಹೋಗುವುದನ್ನೂ ಕಂಡಿದ್ದೇನೆ. ಬುಟ್ಟಾದ ಸೀರೆ ಪೆಟ್ಟಿಗೆಯಲ್ಲಿ ಇದ್ದಲ್ಲಿಯೇ ಪಟ್ಟೆಯ ಸೀರೆಯಾದದ್ದನ್ನು ಕಂಡಿಲ್ಲ. ನೀನು ಅದನ್ನು ಯಾರಿಗೋ ಕೊಟ್ಟು ಇದನ್ನು ತಂದು ಬಿಟ್ಟಿದ್ದೀಯ."

"ಇಲ್ಲ."

"ಕೀಲಿ ಯಾರ ಬಳಿ ಇತ್ತು?"

"ನನ್ನ ಬಳಿ."

ಅದಕ್ಕಿಂತ ಹೆಚ್ಚಿನ ಮಾತು ಅಲ್ಲಿ ಬೇಕಾಗಲಿಲ್ಲ. ದೋಣಿಯವನು ಕೀಲಿಯನ್ನು ತೊಟ್ಟಿಯ ಪಕ್ಕದಲ್ಲಿಟ್ಟು ಹೋದ. ಸುದ್ದಿ ಹಬ್ಬಿತು. ವಾರದೊಳಗೆ ಊರಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಕೀಲಿಗಳನ್ನು ಕೇಳಿ ಪಡೆದರು. ಯಾರೂ ಬೈಯಲಿಲ್ಲ. ನೆಂಟರು ಬರುವವರಿದ್ದಾರೆ, ಬೀಗ ಬದಲಿಸುತ್ತಿದ್ದೇವೆ ಎಂದು ಒಂದೊಂದು ನೆಪ ಹೇಳಿದರು. ದೋಣಿಯವನು ಮನೆಯಲ್ಲಿ ಕೂತು ಯೋಚಿಸಿದ. ತಾನು ತಂದ ನೀರಿನ ಜೊತೆಗೇ ಬೇರೊಂದು ಮರಿ ಬಂದುಬಿಟ್ಟಿತ್ತೇ? ಬಳೆಯ ಮೀನು ಎಂದೋ ಸತ್ತಿದ್ದು ತಾನು ಗಮನಿಸಲಿಲ್ಲವೇ? ತಾನು ಹೇಳಿದ ಸತ್ಯ ಸತ್ಯವೇ ಎಂಬುದು ಅವನಿಗೇ ಅನುಮಾನವಾಗತೊಡಗಿತು.

ಇಲ್ಲಿ ಗುರುಪಾದ ತಡೆದ. "ಗುರುಗಳೇ, ದೋಣಿಯವನು ಹೇಳಿದ್ದು ಸುಳ್ಳೋ ನಿಜವೋ?"

"ವ್ಯಾಪಾರಿಯೂ ಅದನ್ನೇ ಕೇಳಿಕೊಳ್ಳುತ್ತಿದ್ದ. ಕೇಳುತ್ತಿರು," ಎಂದು ಗುರುಗಳು ಮುಂದುವರಿಸಿದರು.

ವ್ಯಾಪಾರಿ ಕಟ್ಟುನಿಟ್ಟಿನವನೇ ಹೊರತು ಅನ್ಯಾಯಗಾರನಲ್ಲ. ಅವನ ಮನಸ್ಸಿಗೂ ಸಮಾಧಾನವಿರಲಿಲ್ಲ. ಮುಳುಗುಗಾರನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದ.

"ಅದೇ ಮೀನು," ಎಂದ ಮುಳುಗುಗಾರ. "ಈ ಜಾತಿಯವು ಬೆಳೆದಂತೆ ಮೈಬಣ್ಣ ಬದಲಿಸುತ್ತವೆ."

ವ್ಯಾಪಾರಿ ಅವನ ಮುಖವನ್ನೇ ನೋಡಿದ. "ಆ ದೋಣಿಯವನು ನಿನಗೆ ಏನಾಗಬೇಕು?"

"ನನ್ನ ಹೆಂಡತಿಯ ಅಣ್ಣ."

"ಅಲ್ಲಿಗೆ ಸರಿಹೋಯಿತು."

"ಸಂಬಂಧ ಇರುವುದು ನನಗೆ, ಸಾಹುಕಾರರೇ. ಮೀನಿಗಲ್ಲ."

ಭಾವಮೈದುನನ ಮಾತನ್ನು ಸಾಕ್ಷಿಯೆಂದು ಹೇಗೆ ಹಿಡಿಯುವುದು? ವ್ಯಾಪಾರಿ ಮನೆಗೆ ಬಂದು ತಾನೇ ಒಂದು ಪರೀಕ್ಷೆ ಹೂಡಿದ. ಒಂದೇ ಜಾತಿಯ ಎರಡು ಮೀನುಗಳು ಒಂದನ್ನೊಂದು ಕೊಲ್ಲುತ್ತವೆ ಎಂದು ಮುಳುಗುಗಾರನೇ ಮೊದಲು ಹೇಳಿದ್ದನಲ್ಲ. ಬಳೆಯದು, ಪಟ್ಟೆಯದು ಒಂದೇ ಜಾತಿಯಾದರೆ ಕಾದಾಡಬೇಕು. ಕಾದಾಡದಿದ್ದರೆ ಬೇರೆ ಬೇರೆ ಜಾತಿ. ಬೇರೆ ಜಾತಿಯಾದರೆ ಯಾರೋ ಮೀನು ಬದಲಿಸಿದ್ದಾರೆ. ಈ ತರ್ಕದಲ್ಲಿ ಅವನಿಗೆ ಒಂದು ಬಿರುಕೂ ಕಾಣಲಿಲ್ಲ.

ಬೇರೊಂದು ಊರಿನಿಂದ ಬೆರಳುದ್ದದ ಬಳೆಯ ಮೀನನ್ನು ತರಿಸಿದ. ಅದರ ಚಿತ್ರವನ್ನೂ ಬರೆಸಿದ. ಅಂದು ಅವನ ತಂಗಿ ತವರಿಗೆ ಬಂದಿದ್ದಳು. ಅವಳ ಎದುರಿಗೇ ಮೀನನ್ನು ತೊಟ್ಟಿಗೆ ಬಿಟ್ಟು, ಮುಚ್ಚಳಕ್ಕೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ದಿನವಿಡೀ ಕೂತು ನೋಡಿದ. ಪಟ್ಟೆಯ ಮೀನು ಬಳೆಯದರ ಕಡೆಗೆ ತಿರುಗಿಯೂ ನೋಡಲಿಲ್ಲ. ತಂಗಿ ಮರುದಿನ ಗಂಡನ ಮನೆಗೆ ಹೋದಳು. ಎರಡನೆಯ ದಿನ, ಮೂರನೆಯ ದಿನ, ವಾರ ಕಳೆದರೂ ಎರಡೂ ತಮ್ಮ ತಮ್ಮ ಕಲ್ಲಿನ ಮರೆಯಲ್ಲಿ ಸುಖವಾಗಿದ್ದವು.

ತೀರ್ಪು ಸಿಕ್ಕಿತು ಎಂದು ವ್ಯಾಪಾರಿ ಊರಿಗೆಲ್ಲ ಹೇಳಿದ. ಅಲ್ಲಿಯವರೆಗೆ ದೋಣಿಯವನ ಪರವಾಗಿ ಮಾತಾಡುತ್ತಿದ್ದ ನಾಲ್ಕು ಜನರೂ ಸುಮ್ಮನಾದರು. ದೋಣಿಯವನು ತನ್ನ ದೋಣಿಯನ್ನು ಮಾರಿ ಬಂದರಿನಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಸೇರಿದ.

ಇನ್ನು ವ್ಯಾಪಾರಿ ಯಾರನ್ನೂ ನಂಬದಾದ. ತಾನೇ ಬೇರೆಯವರ ದೋಣಿ ಹತ್ತಿ ಅಳಿವೆ ದಾಟಿ ನೀರು ತಂದ. ತಾನೇ ದಿನ ಬೆಳಿಗ್ಗೆ ಸೀಗಡಿಯ ಚೂರು ಹಾಕಿದ. ಮೊದಮೊದಲು ಮೂಗು ಮುಚ್ಚಿಕೊಂಡು ಮಾಡಿದ. ಆಮೇಲೆ ಅಭ್ಯಾಸವಾಯಿತು. ಚಿಕ್ಕ ಮೀನು ಅವನ ಬೆರಳ ತುದಿಯಿಂದ ತಿನ್ನುವುದನ್ನು ಕಲಿಯಿತು. ಅವನು ಬಂದದ್ದು ಕಂಡರೆ ಕಲ್ಲಿನ ಎಡಬದಿಯಿಂದ ಒಂದು ಸುತ್ತು ಹಾಕಿ ಮೇಲೆ ಬರುತ್ತಿತ್ತು. ಹೀಗೆ ಎಂಟು ತಿಂಗಳು ಕಳೆದವು.

ತಂಗಿ ಮತ್ತೆ ಬಂದಳು. ತೊಟ್ಟಿಯ ಮುಂದೆ ನಿಂತು, "ಅಣ್ಣಾ, ಬಳೆಯ ಮೀನೆಲ್ಲಿ?" ಎಂದಳು.

"ಅಲ್ಲೇ ಇದೆಯಲ್ಲ."

"ಇಲ್ಲಿರುವುದು ಎರಡೂ ಪಟ್ಟೆಯವು. ಒಂದು ದೊಡ್ಡದು, ಒಂದು ಚಿಕ್ಕದು."

"ಆ ಚಿಕ್ಕದೇ ಅದು."

"ನನಗೇನು ಕಣ್ಣಿಲ್ಲವೇ? ನನ್ನ ಎದುರಿಗೇ ಬಿಟ್ಟೆಯಲ್ಲ. ಮತ್ತೆ ಯಾರೋ ಬದಲಿಸಿದ್ದಾರೆ. ಕೀಲಿ ಯಾರ ಬಳಿ ಇತ್ತು?"

ವ್ಯಾಪಾರಿಯ ಕೈ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲಿಯೇ ಇತ್ತು.

ತಂಗಿ ನಕ್ಕಳು. "ಹಾಗಾದರೆ ಈ ಸಲದ ಕಳ್ಳ ನೀನೇ."

"ಮೀನು ಅದೇ," ಎಂದ ವ್ಯಾಪಾರಿ. ಹೇಳಿದ ಮೇಲೆ, ಆ ಮಾತು ತನ್ನದಲ್ಲ, ಬೇರೆ ಯಾರದೋ ಬಾಯಿಂದ ಬಂದದ್ದು ಎನ್ನಿಸಿತು. ಪೆಟ್ಟಿಗೆಯಿಂದ ಎರಡನೆಯ ಚಿತ್ರವನ್ನು ತೆಗೆದ. ಗಾಜಿನ ಪಕ್ಕದಲ್ಲಿ ಹಿಡಿದ. ಚಿತ್ರದಲ್ಲಿ ಬಳೆಗಳಿದ್ದವು. ಮೀನಿನ ಮೈಮೇಲೆ ಪಟ್ಟೆಗಳಿದ್ದವು. ಬಾಲದ ಬುಡದಲ್ಲಿ ಮಾತ್ರ, ಒಗೆದ ಬಟ್ಟೆಯ ಕಲೆಯಂತೆ, ಅರ್ಧ ಬಳೆ ಉಳಿದಿತ್ತು.

"ಇದು ಯಾವಾಗ ಹೀಗಾಯಿತು?" ಎಂದು ತಂಗಿ ಕೇಳಿದಳು. ಅವಳ ನಗು ನಿಂತಿತ್ತು.

"ಗೊತ್ತಿಲ್ಲ," ಎಂದ.

ಅವರು ನೋಡುತ್ತಿದ್ದಂತೆಯೇ ದೊಡ್ಡ ಮೀನು ಕಲ್ಲಿನ ಮರೆಯಿಂದ ಹೊರಬಂತು. ಎಂಟು ತಿಂಗಳು ಪಕ್ಕದಲ್ಲಿದ್ದರೂ ಚಿಕ್ಕದನ್ನು ಅದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಳೆ ತೊಟ್ಟಿರುವವರೆಗೆ ಚಿಕ್ಕದು ಅದರ ಕಣ್ಣಿಗೆ ಬೇರೆ ಯಾರೋ ಆಗಿತ್ತು. ಈಗ ತನ್ನವನೆಂದು ಗುರುತಾಯಿತು. ಗುರುತಾದ ಕೂಡಲೇ ನುಗ್ಗಿ ಅದರ ಬಾಲವನ್ನು ಕಚ್ಚಿತು.

ವ್ಯಾಪಾರಿ ಬಂದರಿಗೆ ಓಡಿದ. ದೋಣಿಯವನು ತಲೆಯ ಮೇಲೆ ಮಂಜುಗಡ್ಡೆ ಹೊತ್ತು ಬರುತ್ತಿದ್ದ. ಸುತ್ತ ಕೆಲಸದವರೆಲ್ಲ ಇದ್ದರು. ಅವರೆಲ್ಲರ ಎದುರಿಗೆ ವ್ಯಾಪಾರಿ ಹೇಳಿದ: "ಮೀನು ಅದೇ ಆಗಿತ್ತು. ನೀನು ಹೇಳಿದ್ದೇ ಸರಿ. ನಾನು ನಿನ್ನ ಮೇಲೆ ಸುಳ್ಳು ಹೊರಿಸಿದೆ."

ದೋಣಿಯವನು ಮಂಜುಗಡ್ಡೆಯನ್ನು ಕೆಳಗಿಳಿಸಿದ. ಮುಖ ಒರೆಸಿಕೊಂಡ. "ಈಗ ತೊಟ್ಟಿಯಲ್ಲಿ ಎರಡಿವೆಯೇ?"

"ಎರಡಿವೆ. ಕಚ್ಚಾಡುತ್ತಿವೆ."

"ಹಾಗಾದರೆ ಮಾತು ಆಮೇಲೆ. ನಡೆಯಿರಿ."

ಇಬ್ಬರೂ ಸೇರಿ ದೊಡ್ಡ ಮೀನನ್ನು ಹಿಡಿದು ಅಗಲ ಬಾಯಿಯ ಕೊಡದಲ್ಲಿ ಹಾಕಿದರು. ಬೇರೆಯವರ ದೋಣಿ ಹತ್ತಿ ದ್ವೀಪದ ಬಂಡೆಗಳವರೆಗೆ ಹೋಗಿ ನೀರಿಗೆ ಬಿಟ್ಟರು. ಮರಳುವಾಗ ವ್ಯಾಪಾರಿ ಅಂಗಡಿಯ ಹಿಂಬಾಗಿಲ ಕೀಲಿಯನ್ನು ಮುಂದೆ ಹಿಡಿದ.

"ಬೇಡ ಸಾಹುಕಾರರೇ," ಎಂದ ದೋಣಿಯವನು. "ಈಗ ನಿಮಗೇ ನೀರು ತರಲು ಬರುತ್ತದೆ."

ವ್ಯಾಪಾರಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದ: "ಅಂದು ಚಿತ್ರವನ್ನು ಎದುರಿಗೆ ಹಿಡಿದರೂ 'ಅದೇ ಮೀನು' ಎಂದೆಯಲ್ಲ. ಅಷ್ಟೂ ಬಣ್ಣ ಬದಲಾಗಿತ್ತು. ಹೇಗೆ ಹೇಳಿದೆ?"

"ಬಣ್ಣವನ್ನು ನಾನು ನೋಡಿಯೇ ಇರಲಿಲ್ಲ. ದಿನವೂ ಉಣ್ಣಿಸುತ್ತಿದ್ದೆ, ಅಷ್ಟೇ."

ವ್ಯಾಪಾರಿ ಮನೆ ಮನೆಗೆ ಹೋಗಿ ತನ್ನ ತಪ್ಪನ್ನು ಹೇಳಿದ. ಕೆಲವರು ತಮ್ಮ ಕೀಲಿಯನ್ನು ಮತ್ತೆ ದೋಣಿಯವನಿಗೆ ಕೊಟ್ಟರು. ಕೆಲವರು ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಾಗಿತ್ತು. ಅವರು ಮತ್ತೆ ಬದಲಿಸಲಿಲ್ಲ.

ಕತೆ ಇಲ್ಲಿಗೆ ನಿಂತಿತು. ಗುರುಪಾದನ ಗೊಂದಲ ನಿಲ್ಲಲಿಲ್ಲ.

"ಹಾಗಾದರೆ ಚೆನ್ನವೀರ ಅದೇ ಚೆನ್ನವೀರ ಎಂದು ಸಭೆಯಲ್ಲಿ ಹೇಳಲೇ?"

"ನನಗೆ ಗೊತ್ತಿಲ್ಲ," ಎಂದರು ಗುರುಗಳು.

"ಬದಲಾದವರೆಲ್ಲ ಬೆಳೆದವರೇ ಎನ್ನಲಾಗುವುದಿಲ್ಲವಲ್ಲ. ಒಂದು ಮೀನನ್ನು ನಿಜವಾಗಿಯೂ ಯಾರೋ ಕದ್ದು ಬದಲಿಸಿರಬಹುದು. ನೋಡುವವನಿಗೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಯಾವುದು ಯಾವುದೆಂದು ನಾನು ಹೇಗೆ ತಿಳಿಯಲಿ? ಸಂಜೆಯೊಳಗೆ ನಾನು ಏನಾದರೊಂದು ಹೇಳಲೇಬೇಕು."

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಅವನ ಕಡೆಗೆ ತಿರುಗಿದರು.

"ಗುರುಪಾದ, ನೀನು ಅವನ ಪಕ್ಕದಲ್ಲಿ ಕೂತು ಉಂಡು ಎಷ್ಟು ದಿನವಾಯಿತು?"

ಗುರುಪಾದ ಎದ್ದು ಅಡುಗೆಮನೆಯ ಕಡೆಗೆ ನಡೆದ.